ಕಡತಗಳ ಪ್ರಯಾಣ

ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರು ಗರಿಯ ಅಂಚಿನಲ್ಲಿ ಅದರ ಅಂಕವನ್ನು ಕೊರೆದಿಡುತ್ತಿದ್ದರು. ಕಟ್ಟಿನ ದಾರ ಹರಿದು ಗರಿಗಳೆಲ್ಲ ಚದುರಿದರೂ ಆ ಅಂಕಗಳನ್ನು ನೋಡಿ ಗ್ರಂಥವನ್ನು ಮತ್ತೆ ಹೊಂದಿಸಬಹುದಾಗಿತ್ತು. ಅಂಕವಿಲ್ಲದ ಗರಿಯು ಎಷ್ಟೇ ಚೆನ್ನಾಗಿ ಉಳಿದು ಬಂದಿದ್ದರೂ ವಿದ್ವಾಂಸರಿಗೆ ಬಿಡಿಸಲಾಗದ ಒಗಟೇ ಸರಿ. ಇಂದು ಗ್ರಂಥಗಳನ್ನು ಉಳಿಸುವ ಕಾರ್ಯವು ಗಣಕಯಂತ್ರದ ಪಾಲಿಗೆ ಬಂದಿದೆ. ಪುಟಗಳ ಛಾಯಾಚಿತ್ರಗಳನ್ನು ತೆಗೆದು, ಒಂದೊಂದಕ್ಕೂ ತಕ್ಕ ಹೆಸರನ್ನಿಟ್ಟು, ದೂರದಲ್ಲಿರುವ ದೊಡ್ಡದೊಂದು ಗಣಕಕ್ಕೆ ಕಳುಹಿಸಿ, ಯಾವ ಊರಿನ ಓದುಗನಾದರೂ ಅವನ್ನು ತೆರೆದು ನೋಡುವಂತೆ ಮಾಡುವುದು ಈ ಕಾರ್ಯದ ಸ್ವರೂಪ. ಗಣಕದಲ್ಲಿ ಹೀಗೆ ಒಂದು ಹೆಸರಿನಡಿ ಕೂಡಿಟ್ಟ ಚಿತ್ರವೋ ಬರಹವೋ ಕಡತವೆನಿಸುತ್ತದೆ. ಕೇಳಿದವರಿಗೆಲ್ಲ ಕಡತಗಳನ್ನು ಒದಗಿಸುವ ಗಣಕಕ್ಕೆ ಸರ್ವರ್ ಎಂದೂ, ಅಲ್ಲಿಗೆ ಕಡತವನ್ನು ಕಳುಹಿಸಿ ಸೇರಿಸುವುದಕ್ಕೆ ಅಪ್‌ಲೋಡ್ ಎಂದೂ ಹೆಸರು. ಸಾಧನವೇನೋ ಬದಲಾಯಿತು, ಆದರೆ ಗರಿಯ ಅಂಕದ ಪ್ರಶ್ನೆ ಹಾಗೆಯೇ ಉಳಿಯಿತು.

ಮುನ್ನೂರೊಂದು ಪುಟಗಳ ಹಳೆಯ ಮುದ್ರಿತ ಪುಸ್ತಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪುಸ್ತಕವನ್ನು ಪೀಠದ ಮೇಲೆ ತೆರೆದಿಟ್ಟು, ಎಡಪುಟಕ್ಕೊಂದು ಬಲಪುಟಕ್ಕೊಂದು ಕ್ಯಾಮೆರಾವನ್ನು ಹೂಡಿ ಚಿತ್ರ ತೆಗೆಯುವುದು ರೂಢಿಯಲ್ಲಿರುವ ಕ್ರಮ. ಮೊದಲನೆಯ ಪುಟವನ್ನು ಬೇರೆಯಾಗಿ ತೆಗೆದುಕೊಂಡರೆ ಉಳಿದುದು ನೂರೈವತ್ತು ತೆರೆಯುವಿಕೆಗಳು, ಮುನ್ನೂರು ಚಿತ್ರಗಳು. ಕ್ಯಾಮೆರಾ ತಾನು ತೆಗೆದ ಚಿತ್ರಕ್ಕೆ ತಾನೇ ಹೆಸರಿಡುತ್ತದೆ. ಈ ಹೆಸರಿಗೂ ಒಂದು ನಿಯಮವುಂಟು. 1998ರಲ್ಲಿ ಜಪಾನಿನಲ್ಲಿ ರೂಪುಗೊಂಡ ಆ ನಿಯಮದಂತೆ ಹೆಸರಿನಲ್ಲಿ ಮೊದಲು ನಾಲ್ಕು ಚಿಹ್ನೆಗಳು, ಬಳಿಕ ನಾಲ್ಕು ಅಂಕಿಗಳು ಇರಬೇಕು. ಐಎಂಜಿ_0001, ಐಎಂಜಿ_0002 ಎಂದು ಸಾಗುವ ಎಣಿಕೆಯು 9999 ಮುಟ್ಟಿದ ಮೇಲೆ ಮರಳಿ 0001ಕ್ಕೆ ಬರುತ್ತದೆ. ಅಂದಮೇಲೆ ಒಂದೇ ಜಾತಿಯ ಎರಡು ಹೊಸ ಕ್ಯಾಮೆರಾಗಳು ಒಂದೇ ದಿನ ಕೆಲಸಕ್ಕೆ ತೊಡಗಿದರೆ ಎಡಪುಟದ ಚಿತ್ರಕ್ಕೂ ಬಲಪುಟದ ಚಿತ್ರಕ್ಕೂ ಹೆಸರು ಒಂದೇ ಆಗುತ್ತದೆ. ಇವನ್ನು ಹಾಗೆಯೇ ಸರ್ವರಿನ ಒಂದೇ ಕೋಶಕ್ಕೆ ಕಳುಹಿಸಿದರೆ ಆಗುವುದೇನು? ಒಂದು ಕೋಶದಲ್ಲಿ ಒಂದು ಹೆಸರಿಗೆ ಒಂದೇ ಕಡತವಿರಲು ಸಾಧ್ಯ. ಎರಡನೆಯದು ಬಂದೊಡನೆ ಮೊದಲನೆಯದು ಅಳಿದುಹೋಗುತ್ತದೆ. ಮುನ್ನೂರು ಚಿತ್ರಗಳನ್ನು ಕಳುಹಿಸಿದವನಿಗೆ ಅಲ್ಲಿ ದೊರೆಯುವುದು ನೂರೈವತ್ತು ಬಲಪುಟಗಳು ಮಾತ್ರ. ಯಂತ್ರವು ಈ ನಷ್ಟವನ್ನು ತಪ್ಪೆಂದು ತಿಳಿಯುವುದಿಲ್ಲ, ಒಂದು ಮಾತನ್ನೂ ಆಡುವುದಿಲ್ಲ.

ಆದುದರಿಂದ ಕಳುಹಿಸುವ ಮೊದಲು ಮರುನಾಮಕರಣ ಆಗಬೇಕು. ಲೆಕ್ಕವೇನೋ ಸರಳವಾಗಿದೆ. ತೆರೆದ ಪುಸ್ತಕದಲ್ಲಿ ಎಡಕ್ಕೆ ಸಮಸಂಖ್ಯೆಯ ಪುಟ, ಬಲಕ್ಕೆ ಬೆಸಸಂಖ್ಯೆಯ ಪುಟ. ಎಡ ಕ್ಯಾಮೆರಾದ ಚಿತ್ರಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಪುಟಸಂಖ್ಯೆ ಬರುತ್ತದೆ; ಬಲ ಕ್ಯಾಮೆರಾಕ್ಕಾದರೆ ಎರಡರಿಂದ ಗುಣಿಸಿ ಒಂದನ್ನು ಕೂಡಬೇಕು. ಎಡಗಡೆಯ ನಲವತ್ತನೆಯ ಚಿತ್ರ ಎಂಬತ್ತನೆಯ ಪುಟ, ಬಲಗಡೆಯದು ಎಂಬತ್ತೊಂದನೆಯ ಪುಟ. ಹೊಸ ಹೆಸರನ್ನು ಬರೆಯುವಾಗ ‘ಪುಟ 2’, ‘ಪುಟ 10’ ಎಂದು ಬರೆಯದೆ ‘ಪುಟ_002’, ‘ಪುಟ_010’ ಎಂದು ಸೊನ್ನೆಗಳನ್ನು ಸೇರಿಸುವುದೂ ಅವಶ್ಯ. ಗಣಕವು ಹೆಸರುಗಳನ್ನು ಸಾಮಾನ್ಯವಾಗಿ ನಿಘಂಟಿನ ಕ್ರಮದಲ್ಲಿ ಜೋಡಿಸುತ್ತದೆ. ಹಾಗೆ ಜೋಡಿಸುವಾಗ ಮೊದಲ ಚಿಹ್ನೆಯನ್ನು ಮೊದಲ ಚಿಹ್ನೆಯೊಡನೆ ಹೋಲಿಸುವುದರಿಂದ 10 ಎಂಬುದು 2ಕ್ಕಿಂತ ಮೊದಲು ಬಂದು ನಿಲ್ಲುತ್ತದೆ. ಒಂದನೆಯ ಪುಟದ ಬೆನ್ನಿಗೇ ಹತ್ತನೆಯ ಪುಟವನ್ನು ಓದಬೇಕಾದ ಓದುಗನ ಪಾಡನ್ನು ಊಹಿಸಬಹುದು. ಹೆಸರಿನ ನಡುವೆ ಬರಿಯ ತೆರಪನ್ನು ಬಿಡದೆ ಅಡಿಗೆರೆಯನ್ನು ಎಳೆಯುವುದಕ್ಕೂ ಕಾರಣವುಂಟು. ಆದೇಶವನ್ನು ಓದುವ ಗಣಕವು ತೆರಪನ್ನು ಕಂಡಲ್ಲಿ ಒಂದು ಪದ ಮುಗಿಯಿತೆಂದು ಭಾವಿಸಿ, ಒಂದು ಹೆಸರನ್ನು ಎರಡಾಗಿ ಸೀಳಿಬಿಡುತ್ತದೆ.

ಮುನ್ನೂರು ಹೆಸರುಗಳನ್ನು ಒಬ್ಬನು ಕೈಯಿಂದ ಬದಲಾಯಿಸಬಹುದು. ಆದರೆ ಬೇಸರಪಡದೆ, ತಪ್ಪದೆ ಬದಲಾಯಿಸುವುದು ಕಷ್ಟ. ಈ ಬೇಸರವೇ ಒಂದು ಒಳ್ಳೆಯ ಕಲ್ಪನೆಗೆ ಜನ್ಮವಿತ್ತಿತು. 1963ರ ಸುಮಾರಿಗೆ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿದ್ದ ಫ್ರಾನ್ಸಿನ ವಿಜ್ಞಾನಿ ಲೂಯಿ ಪೂಜಾ, ಮತ್ತೆ ಮತ್ತೆ ಬೆರಳಚ್ಚಿಸಬೇಕಾದ ಆದೇಶಗಳನ್ನು ಒಂದು ಕಡತದಲ್ಲಿ ಬರೆದಿಟ್ಟು, ಆ ಕಡತವನ್ನೇ ಗಣಕಕ್ಕೆ ಓದಿಸಿ ನಡೆಸುವ ವ್ಯವಸ್ಥೆಯನ್ನು ರೂಪಿಸಿದನು. ಗಣಕದ ಹೊರಪದರವಾಗಿ ನಿಂತು ಮನುಷ್ಯನ ಆದೇಶಗಳನ್ನು ಸ್ವೀಕರಿಸುವ ಭಾಗಕ್ಕೆ ಚಿಪ್ಪು ಎಂಬರ್ಥದ ‘ಶೆಲ್’ ಎಂಬ ಹೆಸರನ್ನು ಕೊಟ್ಟವನೂ ಅವನೇ. ಹೀಗೆ ಬರೆದಿಟ್ಟ ಆದೇಶಗಳ ಪಟ್ಟಿಯನ್ನು ಇಂದು ಸ್ಕ್ರಿಪ್ಟ್ ಎಂದು ಕರೆಯುತ್ತಾರೆ. ‘ಈ ಕೋಶದಲ್ಲಿರುವ ಪ್ರತಿಯೊಂದು ಚಿತ್ರವನ್ನೂ ತೆಗೆದುಕೊ, ಅದರ ಸಂಖ್ಯೆಯನ್ನು ಲೆಕ್ಕ ಹಾಕು, ಹೊಸ ಹೆಸರಿಡು, ಸರ್ವರಿಗೆ ಕಳುಹಿಸು’ ಎಂಬ ನಾಲ್ಕು ಮಾತುಗಳು ಮುನ್ನೂರು ಚಿತ್ರಗಳಿಗೂ ಸಾಕು, ಮೂರು ಲಕ್ಷ ಚಿತ್ರಗಳಿಗೂ ಸಾಕು.

ಆದರೆ ಸ್ಕ್ರಿಪ್ಟಿಗೆ ಕೈಯುಂಟು, ಕಣ್ಣಿಲ್ಲ. ಚಿತ್ರ ತೆಗೆಯುವವನು ನಲವತ್ತನೆಯ ತೆರೆಯುವಿಕೆಯಲ್ಲಿ ಗುಂಡಿಯನ್ನು ಎರಡು ಬಾರಿ ಒತ್ತಿದನೆನ್ನೋಣ. ನಲವತ್ತೊಂದನೆಯ ಚಿತ್ರದಲ್ಲಿಯೂ ಇರುವುದು ಎಂಬತ್ತನೆಯ ಪುಟವೇ. ಸ್ಕ್ರಿಪ್ಟು ಮಾತ್ರ ಅದಕ್ಕೆ ಎಂಬತ್ತೆರಡೆಂದು ಹೆಸರಿಡುತ್ತದೆ. ಅಲ್ಲಿಂದಾಚೆಗೆ ಪುಸ್ತಕದ ಕೊನೆಯವರೆಗೂ ಪ್ರತಿಯೊಂದು ಹೆಸರೂ ಎರಡು ಪುಟ ಮುಂದೆ ಹೋಗಿರುತ್ತದೆ. ಇಂತಹ ತಪ್ಪನ್ನು ಚಿತ್ರಗಳ ಒಟ್ಟು ಎಣಿಕೆಯಿಂದ ಹಿಡಿಯಬಹುದು: ಮುನ್ನೂರಿರಬೇಕಾದಲ್ಲಿ ಮುನ್ನೂರೆರಡು ಇರುತ್ತವೆ. ಆದರೆ ಒಂದೆಡೆ ಎರಡು ಬಾರಿ ಒತ್ತಿ, ಮುಂದೆ ಮತ್ತೊಂದೆಡೆ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದ್ದರೆ? ಆಗ ಎಣಿಕೆ ಸರಿಹೊಂದುತ್ತದೆ. ನಡುವಣ ಭಾಗವೆಲ್ಲ ತಪ್ಪಾಗಿರುತ್ತದೆ. ಒಂದು ತೆರೆಯುವಿಕೆಯ ಎರಡು ಪುಟಗಳು ಇಲ್ಲವೇ ಇಲ್ಲ. ಇದಕ್ಕೆ ಮದ್ದು ಒಂದೇ. ಇಪ್ಪತ್ತೈದು ಚಿತ್ರಗಳಿಗೊಂದರಂತೆ ತೆರೆದು, ಅಚ್ಚಾದ ಪುಟಸಂಖ್ಯೆಯನ್ನೂ ಇಡಲಿರುವ ಹೆಸರನ್ನೂ ಮನುಷ್ಯನೇ ತಾಳೆ ನೋಡಬೇಕು. ಜಾಣನಾದ ಸ್ಕ್ರಿಪ್ಟುಗಾರನು ಮೊದಲು ಯಾವ ಹೆಸರನ್ನೂ ಬದಲಿಸದೆ, ‘ಇದಕ್ಕೆ ಈ ಹೆಸರು ಬರಲಿದೆ’ ಎಂಬ ಪಟ್ಟಿಯನ್ನಷ್ಟೇ ಬರೆಸಿಕೊಳ್ಳುತ್ತಾನೆ. ಆ ಪಟ್ಟಿಯನ್ನು ಓದಿ ತೃಪ್ತನಾದ ಮೇಲೆಯೇ ನಿಜವಾದ ಕೆಲಸಕ್ಕೆ ಅಪ್ಪಣೆ ಕೊಡುತ್ತಾನೆ. ಮೂಲ ಚಿತ್ರಗಳನ್ನು ಹಾಗೆಯೇ ಬಿಟ್ಟು ಪ್ರತಿಗಳಿಗೆ ಮಾತ್ರ ಹೊಸ ಹೆಸರಿಡಿಸುತ್ತಾನೆ. ಹಳೆಯ ಹೆಸರು ಹೊಸ ಹೆಸರುಗಳ ಪಟ್ಟಿಯನ್ನು ಜೋಪಾನವಾಗಿ ಇಡುತ್ತಾನೆ.

ಹೆಸರುಗಳನ್ನು ಬದಲಿಸುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ಬಿಟ್ಟುಹೋದ ಪುಟವೊಂದು ಬಳಿಕ ದೊರೆತು, ನೂರನೆಯ ಪುಟದಿಂದ ಮುಂದಿನವೆಲ್ಲ ಒಂದೊಂದು ಸ್ಥಾನ ಮುಂದಕ್ಕೆ ಸರಿಯಬೇಕಾಗಿದೆ ಎನ್ನೋಣ. ನೂರನ್ನು ನೂರೊಂದು ಮಾಡಹೊರಟರೆ ನೂರೊಂದು ಈಗಾಗಲೇ ಅಲ್ಲಿದೆ. ಯುನಿಕ್ಸ್ ಕುಟುಂಬದ ಗಣಕಗಳಲ್ಲಿ ಹೆಸರು ಬದಲಿಸುವ ಆದೇಶವು, ಎಚ್ಚರಿಕೆಯ ಸೂಚನೆಯನ್ನು ಸೇರಿಸದಿದ್ದರೆ, ಹಳೆಯ ನೂರೊಂದನ್ನು ಅಳಿಸಿ ಆ ಸ್ಥಾನದಲ್ಲಿ ಹೊಸದನ್ನು ಕೂರಿಸುತ್ತದೆ. ಮುಂದಿನ ಹೆಜ್ಜೆಯಲ್ಲಿ ಅದೇ ಕಡತ ನೂರೆರಡನ್ನು ಅಳಿಸುತ್ತದೆ. ಕೊನೆಗೆ ಇಡೀ ಸಾಲನ್ನು ನುಂಗಿದ ಒಂದೇ ಪುಟ ಉಳಿಯುತ್ತದೆ. ಬೆಂಚಿನ ಮೇಲೆ ಒತ್ತಾಗಿ ಕುಳಿತವರು ಒಬ್ಬೊಬ್ಬರಾಗಿ ಒಂದು ಸ್ಥಾನ ಸರಿಯಬೇಕಾದರೆ ತುದಿಯಲ್ಲಿರುವವನು ಮೊದಲು ಸರಿಯಬೇಕಲ್ಲವೆ? ಕಡತಗಳಿಗೂ ಅದೇ ನ್ಯಾಯ.

ಹೆಸರಾಯಿತು, ಇನ್ನು ಪ್ರಯಾಣ. ಈ ಪ್ರಯಾಣದ ದಾರಿಯನ್ನು ಮೊದಲು ಹಾಕಿದವರಲ್ಲಿ ಒಬ್ಬ ಭಾರತೀಯನ ಹೆಸರು ಎದ್ದು ಕಾಣುತ್ತದೆ. ಅಭಯ್ ಭೂಷಣ್ 1944ರಲ್ಲಿ ಇಂದು ಪ್ರಯಾಗರಾಜ್ ಎನಿಸಿಕೊಂಡಿರುವ ಅಲಹಾಬಾದಿನಲ್ಲಿ ಹುಟ್ಟಿದರು. ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮೊದಲ ತಂಡದ ವಿದ್ಯಾರ್ಥಿಯಾಗಿ 1965ರಲ್ಲಿ ಪದವಿ ಪಡೆದು, ಹೆಚ್ಚಿನ ವ್ಯಾಸಂಗಕ್ಕಾಗಿ ಮಸಾಚುಸೆಟ್ಸ್ ಸಂಸ್ಥೆಯನ್ನು ಸೇರಿದರು. ಆಗ ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ಗಣಕಗಳನ್ನು ಆರ್ಪಾನೆಟ್ ಎಂಬ ಜಾಲವು ಒಂದುಗೂಡಿಸುತ್ತಿತ್ತು. ತಂತಿಯೇನೋ ಒಂದಾಯಿತು, ಗಣಕಗಳ ಭಾಷೆ ಒಂದಾಗಿರಲಿಲ್ಲ. ಒಂದು ಗಣಕವು ಮೂವತ್ತಾರು ಬಿಟ್‌ಗಳನ್ನು ಒಂದು ಘಟಕವಾಗಿ ಎಣಿಸಿದರೆ ಮತ್ತೊಂದು ಮೂವತ್ತೆರಡನ್ನು ಎಣಿಸುತ್ತಿತ್ತು. ಅಕ್ಷರಗಳಿಗೆ ಕೊಡುವ ಸಂಖ್ಯೆಗಳು ಕೂಡ ಬೇರೆ ಬೇರೆ. ಇಂತಹ ಗಣಕಗಳು ಪರಸ್ಪರ ಕಡತಗಳನ್ನು ಕಳುಹಿಸಿಕೊಳ್ಳಲು ಬೇಕಾದ ನಿಯಮಾವಳಿಯ ಮೊದಲ ಕರಡನ್ನು ಭೂಷಣ್ 1971ರ ಏಪ್ರಿಲಿನಲ್ಲಿ ಪ್ರಕಟಿಸಿದರು. ಕಡತ ವರ್ಗಾವಣೆಯ ಆ ನಿಯಮಾವಳಿಯೇ ಎಫ್‌ಟಿಪಿ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಹಲವರ ಕೈಯಲ್ಲಿ ತಿದ್ದಿಸಿಕೊಂಡ ಅದರ ನೆಲೆಗೊಂಡ ರೂಪವನ್ನು 1985ರ ಅಕ್ಟೋಬರಿನಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಹೊರತಂದರು.

ಈ ನಿಯಮಾವಳಿಯಲ್ಲಿ ಮೆಚ್ಚಬೇಕಾದ ಗುಣವೆಂದರೆ ಸರ್ವರು ಕೊಡುವ ಉತ್ತರದ ರೀತಿ. ಪ್ರತಿಯೊಂದು ಆದೇಶಕ್ಕೂ ಅದು ಮೂರು ಅಂಕಿಗಳ ಒಂದು ಸಂಖ್ಯೆಯಿಂದ ಉತ್ತರಿಸುತ್ತದೆ. ಮೊದಲ ಅಂಕಿ ಎರಡಾದರೆ ಕೆಲಸ ಆಯಿತು. ಮೂರಾದರೆ ಇನ್ನೊಂದು ಮಾತು ಬೇಕು. ನಾಲ್ಕಾದರೆ ಈಗ ಆಗಲಿಲ್ಲ, ಬಳಿಕ ಪ್ರಯತ್ನಿಸಬಹುದು. ಐದಾದರೆ ಇದೇ ಆದೇಶವನ್ನು ಮತ್ತೆ ಕಳುಹಿಸಿ ಪ್ರಯೋಜನವಿಲ್ಲ. ಕಣ್ಣಿಲ್ಲದ ಸ್ಕ್ರಿಪ್ಟಿಗೆ ಈ ಅಂಕಿಯೇ ಊರುಗೋಲು. 226 ಎಂದು ಬಂದರೆ ಅದು ಮುಂದಿನ ಕಡತಕ್ಕೆ ಹೋಗುತ್ತದೆ. 421 ಎಂದರೆ ಸ್ವಲ್ಪ ಹೊತ್ತು ಕಾದು ಮತ್ತೆ ಬಾಗಿಲು ತಟ್ಟುತ್ತದೆ. 550 ಎಂದರೆ ನಿಂತು ಮನುಷ್ಯನನ್ನು ಕರೆಯುತ್ತದೆ. ಉತ್ತರವನ್ನು ಕೇಳಿಸಿಕೊಳ್ಳದೆ ಕಳುಹಿಸುತ್ತಲೇ ಹೋಗುವ ಸ್ಕ್ರಿಪ್ಟುಗಳನ್ನು ಬರೆಯುವವರೂ ಇಲ್ಲದಿಲ್ಲ. ಅವು ಬೇಗ ಮುಗಿಯುತ್ತವೆ ಎಂಬುದೊಂದೇ ಅವುಗಳ ಹೆಚ್ಚುಗಾರಿಕೆ.

ಕಳುಹಿಸುವ ರೀತಿಯಲ್ಲಿ ಎರಡು ಬಗೆಗಳಿವೆ. ಬರಹವನ್ನು ಅಕ್ಷರ ರೀತಿಯಲ್ಲಿ ಕಳುಹಿಸಿದರೆ ಸಾಲಿನ ಕೊನೆಯ ಗುರುತುಗಳನ್ನು ಪಡೆಯುವ ಗಣಕದ ಪದ್ಧತಿಗೆ ತಕ್ಕಂತೆ ಬದಲಾಯಿಸಲಾಗುತ್ತದೆ. ಚಿತ್ರವನ್ನಾದರೋ ಬಿಂಬ ರೀತಿಯಲ್ಲಿ, ಒಂದು ಬಿಟ್ಟನ್ನೂ ಮುಟ್ಟದೆ ಕಳುಹಿಸಬೇಕು. ಚಿತ್ರವನ್ನು ಅಕ್ಷರ ರೀತಿಯಲ್ಲಿ ಕಳುಹಿಸಿದರೆ, ಸಾಲಿನ ಗುರುತೆಂದು ತೋರಿದ ಅದರ ಬಿಟ್‌ಗಳೆಲ್ಲ ಬದಲಾಗಿ ಪುಟವೇ ಕೆಡುತ್ತದೆ.

ಜಾಲವು ನಂಬಿಕೆಗೆ ಪೂರ್ಣ ಅರ್ಹವಾದುದಲ್ಲ. ವಿದ್ಯುತ್ತು ಹೋಗಬಹುದು, ಸಂಪರ್ಕ ಕಡಿಯಬಹುದು. ನೂರಿಪ್ಪತ್ತನೆಯ ಪುಟ ಅರ್ಧ ದಾರಿಯಲ್ಲಿದ್ದಾಗ ಸಂಪರ್ಕ ಕಡಿದರೆ ಸರ್ವರಿನಲ್ಲಿ ‘ಪುಟ_120’ ಎಂಬ ಹೆಸರಿನಡಿ ಅರ್ಧ ಚಿತ್ರ ಉಳಿಯುತ್ತದೆ. ಸ್ಕ್ರಿಪ್ಟನ್ನು ಮತ್ತೆ ಹೊರಡಿಸಿದಾಗ ಅದು ಮೊದಲು ಸರ್ವರಿನಲ್ಲಿ ಏನೇನಿದೆ ಎಂದು ಕೇಳಿ, ಅಲ್ಲಿಲ್ಲದವನ್ನು ಮಾತ್ರ ಕಳುಹಿಸುತ್ತದೆ. ಇದು ಒಳ್ಳೆಯ ಪದ್ಧತಿಯೇ. ಆದರೆ ಅರ್ಧ ಚಿತ್ರಕ್ಕೂ ಹೆಸರಿರುವುದರಿಂದ ಅದು ಬಂದಿದೆಯೆಂದೇ ಎಣಿಸಿ ದಾಟಿಹೋಗುತ್ತದೆ. ಇಲ್ಲಿ ಮರುನಾಮಕರಣವು ಎರಡನೆಯ ಬಾರಿ ನೆರವಿಗೆ ಬರುತ್ತದೆ. ಅನುಭವಿಗಳು ಕಡತವನ್ನು ಮೊದಲು ‘ಪುಟ_120.ಅಪೂರ್ಣ’ ಎಂಬಂತಹ ತಾತ್ಕಾಲಿಕ ಹೆಸರಿನಿಂದ ಕಳುಹಿಸುತ್ತಾರೆ. ಪೂರ್ತಿ ಬಂದಿತೆಂಬ ಉತ್ತರ ದೊರೆತ ಮೇಲೆ ಸರ್ವರಿನಲ್ಲಿಯೇ ಅದರ ಹೆಸರನ್ನು ‘ಪುಟ_120’ ಎಂದು ಬದಲಿಸುತ್ತಾರೆ. ಎಫ್‌ಟಿಪಿಯಲ್ಲಿ ಇದಕ್ಕಾಗಿಯೇ ಎರಡು ಆದೇಶಗಳಿವೆ. ಮೊದಲನೆಯದು ಹಳೆಯ ಹೆಸರನ್ನು ಹೇಳುತ್ತದೆ, ಸರ್ವರು 350 ಎಂದು ಮುಂದಿನ ಮಾತಿಗೆ ಕಾಯುತ್ತದೆ. ಎರಡನೆಯದು ಹೊಸ ಹೆಸರನ್ನು ಹೇಳುತ್ತದೆ, 250 ಎಂಬ ಉತ್ತರ ಬರುತ್ತದೆ. ಒಂದೇ ಸಂಗ್ರಹದೊಳಗೆ ಹೆಸರು ಬದಲಿಸುವಾಗ ಚಿತ್ರದ ಬಿಟ್‌ಗಳು ಕದಲುವುದಿಲ್ಲ, ಚೀಟಿ ಮಾತ್ರ ಬದಲಾಗುತ್ತದೆ. ಆದುದರಿಂದ ಈ ಕ್ರಿಯೆಗೆ ನಡುವಣ ಸ್ಥಿತಿಯೆಂಬುದಿಲ್ಲ. ಹಳೆಯ ಹೆಸರಿರುತ್ತದೆ, ಇಲ್ಲವೆ ಹೊಸ ಹೆಸರಿರುತ್ತದೆ. ‘ಪುಟ_120’ ಎಂಬ ಹೆಸರು ಕಂಡರೆ ಆ ಪುಟ ಪೂರ್ತಿಯಾಗಿ ಬಂದಿದೆಯೆಂದೇ ಅರ್ಥ.

ಪೂರ್ತಿಯಾಗಿ ಬಂದುದು ಸರಿಯಾಗಿಯೂ ಬಂದಿದೆಯೆ ಎಂದು ತಿಳಿಯಲು ಬೇರೊಂದು ಉಪಾಯವಿದೆ. ಕಡತದ ಎಲ್ಲ ಬಿಟ್‌ಗಳನ್ನೂ ಒಂದು ಗಣಿತಕ್ರಮಕ್ಕೆ ಒಳಪಡಿಸಿ ಅದರ ಬೆರಳ ಗುರುತಿನಂತಹ ಚಿಕ್ಕ ಸಂಖ್ಯೆಯೊಂದನ್ನು ಪಡೆಯಬಹುದು. ಇಂದು ಬಹುವಾಗಿ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಎಂಬ ಕ್ರಮದಲ್ಲಿ ಕಡತ ಎಷ್ಟೇ ದೊಡ್ಡದಿರಲಿ, ಗುರುತು ಅರವತ್ತನಾಲ್ಕು ಚಿಹ್ನೆಗಳಷ್ಟೇ. ಒಂದು ಬಿಟ್ ಬದಲಾದರೂ ಗುರುತು ಗುರುತಿಸಲಾಗದಷ್ಟು ಬೇರೆಯಾಗುತ್ತದೆ. ಕಳುಹಿಸಿದ ಕಡೆಯೂ ಪಡೆದ ಕಡೆಯೂ ಇದನ್ನು ಲೆಕ್ಕಹಾಕಿ ತಾಳೆ ನೋಡಿದರೆ ಸಂದೇಹಕ್ಕೆ ಎಡೆಯಿರುವುದಿಲ್ಲ.

ಎಫ್‌ಟಿಪಿಯ ಒಂದು ಕೊರತೆಯನ್ನು ಹೇಳದಿರಲಾಗದು. ಅದರಲ್ಲಿ ಗುಪ್ತಪದವು ತೆರೆದ ಅಂಚೆಕಾರ್ಡಿನಲ್ಲಿ ಬರೆದಂತೆ, ದಾರಿಯಲ್ಲಿ ಯಾರು ಬೇಕಾದರೂ ಓದುವಂತೆ ಸಾಗುತ್ತಿತ್ತು. ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಇಂತಹ ಗುಪ್ತಪದಗಳ ಕಳವು ನಡೆದಾಗ, ಅಲ್ಲಿದ್ದ ಟಾಟು ಯುಲೊನೆನ್ 1995ರಲ್ಲಿ ಎಲ್ಲ ಮಾತುಕತೆಯನ್ನೂ ಗೂಢಲಿಪಿಗೆ ತಿರುಗಿಸುವ ಎಸ್‌ಎಸ್‌ಎಚ್ ವಿಧಾನವನ್ನು ರಚಿಸಿದನು. ಕಡತಗಳನ್ನು ಇಂದು ಹೆಚ್ಚಾಗಿ ಆ ದಾರಿಯಲ್ಲಿಯೋ, ಗೂಢಲಿಪಿಯನ್ನು ಬಳಸುವ ಬೇರೆ ದಾರಿಗಳಲ್ಲಿಯೋ ಕಳುಹಿಸಲಾಗುತ್ತದೆ. 2021ರಲ್ಲಿ ಪ್ರಮುಖ ಬ್ರೌಸರುಗಳು ಎಫ್‌ಟಿಪಿಯನ್ನು ಕೈಬಿಟ್ಟವು.

ಒಂದು ಪುಸ್ತಕದ ಮಾತು ಹೀಗಾದರೆ ಲಕ್ಷಾಂತರ ಪುಸ್ತಕಗಳ ಗತಿಯೇನು? ಭಾರತದಲ್ಲಿಯೇ ಅಂತಹ ಒಂದು ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪ್ರಮುಖ ಪಾತ್ರ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಲಾಯಿತು. ಕಾಲಕ್ರಮದಲ್ಲಿ ಆ ಜಾಲತಾಣ ಓದುಗರಿಗೆ ಎಟುಕದಂತಾಯಿತು. ಅದಕ್ಕೆ ಮೊದಲೇ, ಸಾರ್ವಜನಿಕ ದಾಖಲೆಗಳನ್ನು ಎಲ್ಲರಿಗೂ ತೆರೆದಿಡುವ ಕೆಲಸದಲ್ಲಿ ತೊಡಗಿದ್ದ ಅಮೆರಿಕದ ಕಾರ್ಲ್ ಮಲಮುಡ್ ಅಲ್ಲಿನ ಪುಸ್ತಕಗಳ ಪ್ರತಿಗಳನ್ನು ಪಡೆದು, ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ಸರ್ವರುಗಳಿಗೆ ಸೇರಿಸಲು ತೊಡಗಿದ್ದರು. 2017ರ ಹೊತ್ತಿಗೆ ಅಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಸೇರಿದ್ದವು. ಒಂದು ಪುಸ್ತಕಕ್ಕೆ ಐದೇ ನಿಮಿಷ ಸಾಕೆಂದು ಎಣಿಸಿದರೂ, ದಿನಕ್ಕೆ ಎಂಟು ಗಂಟೆ ದುಡಿಯುವ ಒಬ್ಬನು ಒಂದು ದಿನವೂ ಬಿಡುವಿಲ್ಲದೆ ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ಕುಳಿತು ಮಾಡಬೇಕಾದ ಕೆಲಸವಿದು. ಕೈಯಿಂದ ಆಗುವ ಮಾತಲ್ಲ.

ಈ ಪುಸ್ತಕಗಳಿಗೆ ಅಲ್ಲಿ ಇಟ್ಟ ಹೆಸರುಗಳನ್ನು ಗಮನಿಸಬೇಕು. ಪ್ರತಿಯೊಂದು ಹೆಸರೂ ‘ಇನ್.ಅರ್ನೆಟ್.ಡಿಎಲ್‌ಐ.2015’ ಎಂದು ಆರಂಭವಾಗಿ ಒಂದು ಸಂಖ್ಯೆಯಲ್ಲಿ ಮುಗಿಯುತ್ತದೆ. ಮೂಲ ಗ್ರಂಥಾಲಯದ ಅಂತರ್ಜಾಲ ವಿಳಾಸ ‘ಡಿಎಲ್‌ಐ.ಅರ್ನೆಟ್.ಇನ್’ ಎಂಬುದಾಗಿತ್ತು, ಅದನ್ನೇ ಹಿಂದುಮುಂದಾಗಿಸಿ ಹೆಸರಿನ ತಲೆಗೆ ಇಟ್ಟಿದ್ದಾರೆ. ಆ ವಿಳಾಸ ತೆರೆಯದಿದ್ದರೂ ಪುಸ್ತಕ ಎಲ್ಲಿಂದ ಬಂದಿತೆಂಬುದನ್ನು ಹೆಸರೇ ಹೇಳುತ್ತದೆ. ಸಂಖ್ಯೆ ಬೇರೆ ಬೇರೆಯಾದುದರಿಂದ ಒಂದು ಪುಸ್ತಕ ಮತ್ತೊಂದರ ಮೇಲೆ ಬಂದು ಕೂರುವ ಭಯವಿಲ್ಲ. ಯಂತ್ರದ ದೃಷ್ಟಿಯಿಂದ ಇದು ನಿರ್ದುಷ್ಟವಾದ ನಾಮಕರಣ.

ಓದುಗನ ದೃಷ್ಟಿಯೇ ಬೇರೆ. ಅವನು ಪುಸ್ತಕವನ್ನು ಹುಡುಕುವುದು ಸಂಖ್ಯೆಯಿಂದಲ್ಲ, ಶೀರ್ಷಿಕೆಯಿಂದ. ಈ ಸಂಗ್ರಹದ ಕನ್ನಡ ಪುಸ್ತಕಗಳ ಶೀರ್ಷಿಕೆಗಳು ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿವೆ. ಒಂದೆಡೆ ‘ಸಾಹಿತ್ಯ’ ಎಂಬುದಕ್ಕೆ ಒಂದು ಕಾಗುಣಿತ, ಮತ್ತೊಂದೆಡೆ ಇನ್ನೊಂದು. ದೀರ್ಘಕ್ಕೂ ಹ್ರಸ್ವಕ್ಕೂ ಭೇದವಿಲ್ಲ, ಲಕಾರ ಳಕಾರಗಳು ಬೆರೆತುಹೋಗಿವೆ. ಸ್ಕ್ಯಾನ್ ಮಾಡುವ ಕಾಲದಲ್ಲಿ ಬೆರಳಚ್ಚಾದ ತಪ್ಪುಗಳನ್ನು ಸ್ಕ್ರಿಪ್ಟು ನಾಲ್ಕು ಲಕ್ಷ ಬಾರಿಯೂ ನಿಷ್ಠೆಯಿಂದ ಹೊತ್ತು ತಂದಿತು. ಪುಸ್ತಕವು ಸರ್ವರಿನಲ್ಲಿ ಭದ್ರವಾಗಿದೆ, ಪುಟಗಳೆಲ್ಲ ಕ್ರಮವಾಗಿವೆ, ಆದರೆ ಕನ್ನಡದಲ್ಲಿ ಹೆಸರನ್ನು ಬರೆದು ಹುಡುಕುವವನಿಗೆ ಅದು ದೊರೆಯುವುದಿಲ್ಲ. ಅಲ್ಲಿ ಗುರುತಿನ ಹೆಸರನ್ನು ಒಮ್ಮೆ ಇಟ್ಟ ಮೇಲೆ ಬದಲಿಸಲಾಗದಿದ್ದರೂ ಶೀರ್ಷಿಕೆಯನ್ನು ತಿದ್ದಲು ಅವಕಾಶವಿದೆ. ತಿದ್ದಬೇಕಾದರೆ ಕನ್ನಡ ಬಲ್ಲವರೊಬ್ಬರು ಪುಸ್ತಕವನ್ನು ತೆರೆದು, ಮುಖಪುಟದಲ್ಲಿ ಅಚ್ಚಾಗಿರುವುದನ್ನು ಓದಿ, ಒಂದೊಂದಾಗಿ ಬರೆಯಬೇಕು.